ಗೇರ್‌ಬಾಕ್ಸಿನ ಗುಂಡು

ಎಲ್ಲರೊಳಗೂ ಇರುವ ಶಿವನಿಗೆ ಶರಣು.

ಆಗಿನ್ನೂ ರಾಜಾಜಿನಗರದಲ್ಲಿ ಮನೆಗಿಂತ ಹೊಲವೇ ಹೆಚ್ಚು. ಮಾರನೆಯ ಬೆಳಿಗ್ಗೆ ಬಾಣಂತಿ ಮಗಳನ್ನು ಆಸ್ಪತ್ರೆಯಿಂದ ಕರೆತರಬೇಕು, ನನ್ನ ಹಳೆಯ ಕಾರಿನಲ್ಲಿ ಗೇರು ನಿಲ್ಲುತ್ತಿಲ್ಲ. ಅಂಗಳದಲ್ಲೇ ಗೇರ್‌ಬಾಕ್ಸಿನ ಎಣ್ಣೆಯನ್ನು ಬೋಗುಣಿಗೆ ಇಳಿಸಿ, ಬಿಚ್ಚಿಕೊಂಡು ಕೂತೆ. ಮೂಡಲಪಾಳ್ಯದ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, ಬೇಲಿಯ ಬಳಿ ಕುಕ್ಕರುಗಾಲಲ್ಲಿ ಕೂತು ನೋಡತೊಡಗಿದ.

ಹೊಸ ಸ್ಪ್ರಿಂಗ್ ಹಾಕುವ ಹೊತ್ತಿಗೆ, ಗೇರನ್ನು ಹಿಡಿದಿಡುವ ಕಡಲೆಗಾತ್ರದ ಉಕ್ಕಿನ ಗುಂಡೇ ಇಲ್ಲ! ನನ್ನ ಕಣ್ಣು ನೇರ ಅವನ ಟವೆಲಿನ ಗಂಟಿಗೆ ಹೋಯಿತು.

“ಏನಪ್ಪಾ, ಗುಂಡೇನಾದರೂ ನಿನ್ನ ಕಡೆ ಉರುಳಿತೇ?” ಎಂದೆ, ಮೆತ್ತಗೆ.

“ನಂಗ್ಯಾಕೆ ಸ್ವಾಮಿ? ನನ್ ಗಾಡಿಗೆ ಎತ್ತಿನ ಬಾಲವೇ ಗೇರು,” ಎಂದು ನಕ್ಕು, ತಾನಾಗಿಯೇ ಟವೆಲು ಕೊಡವಿದ. ಎಲೆಯಡಿಕೆ ಉದುರಿತು. ನನಗೆ ಸಮಾಧಾನವಾಗಲಿಲ್ಲ.

“ಮತ್ತೇನು ನೋಡ್ತಿದ್ದೀಯ?”

“ಆ ಕರಿ ಎಣ್ಣೇನ. ಚೆಲ್ಲೋದಾದ್ರೆ ಗಾಡಿ ಕೀಲಿಗೆ ಕೊಡಿ.”

ತೊಲಗಿದರೆ ಸಾಕೆಂದು ಬೋಗುಣಿ ತಳ್ಳಿದೆ. ಅವನು ಗಾಡಿಯಿಂದ ತಂದ ಬಿದಿರು ಕೊಳವೆಯ ಗೊಟ್ಟಕ್ಕೆ ಎಣ್ಣೆ ಬಗ್ಗಿಸಿದಾಗ, ಬಿಚ್ಚುವಾಗಲೇ ಜಾರಿ ಬಿದ್ದಿದ್ದ ಗುಂಡು ಬೋಗುಣಿಯ ತಳದಲ್ಲಿ ಮಿನುಗಿತು. ಅದನ್ನು ಒರೆಸಿ ನನ್ನ ಅಂಗೈಯಲ್ಲಿಟ್ಟು, “ಈಗ ನಿಮ್ ಪಂಚೇನೂ ಒಂದ್ಸಲ ಕೊಡವ್ತೀರಾ ಸ್ವಾಮಿ?” ಎಂದ.

ಮೊಮ್ಮಗು ಕಾರಿನಲ್ಲೇ ಮನೆಗೆ ಬಂತು. ಎಲ್ಲರೊಳಗೂ ಶಿವನನ್ನು ಕಾಣುವ ನಾನು, ಅವನ ಟವೆಲಿನೊಳಗೆ ಮಾತ್ರ ಗುಂಡನ್ನು ಕಂಡಿದ್ದೆ. ಕೇಳಿದ ನಿಮ್ಮೆಲ್ಲರ ಗಾಡಿ ಸರಾಗವಾಗಿ ಉರುಳಲಿ. ಕಳೆದದ್ದು ನಿಮ್ಮ ಬೋಗುಣಿಯಲ್ಲೇ ಸಿಗಲಿ.