ಅದು ಬೀಡಿಯ ಬೆಂಕಿಯಲ್ಲ

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಹೆಂಡತಿ ಇದ್ದಾಗ ಅವಳ ಮುಂದೆ ಮಾನ ಹೋಗುತ್ತದೆಂದು ಹೇಳಲಿಲ್ಲ. ಅವಳು ಹೋದ ಮೇಲೆ ಇನ್ನು ಯಾರಿಗೆ ಹೇಳುವುದೆಂದು ಹೇಳಲಿಲ್ಲ. ಹನೂರಿನ ನನ್ನ ಎಣ್ಣೆ ಶೆಡ್ಡಿನ ಮುಂದೆ ಲಾರಿಗೆ ಬೆಂಕಿ ಬಿದ್ದದ್ದು ಹಮಾಲಿಯ ಬೀಡಿಯಿಂದ ಎಂದು ಪೊಲೀಸರಿಗೆ ಹೇಳಿದೆನಲ್ಲ — ಅದು ಸುಳ್ಳು. ಬೆಂಕಿಯನ್ನು ಅವನ ಕೈಗೆ ಕೊಟ್ಟವನು ನಾನು.

ಎಂಬತ್ತರ ದಶಕದ ಮಾತು. ಕೌದಳ್ಳಿ ರಸ್ತೆಯ ಪಕ್ಕ ಶೆಡ್ಡು ಹಾಕಿಕೊಂಡು ನೀಲಗಿರಿ ಸೊಪ್ಪು ಬೇಯಿಸಿ ಎಣ್ಣೆ ತೆಗೆಯುತ್ತಿದ್ದೆ. ಕೊಳ್ಳೇಗಾಲ, ಯಳಂದೂರಿನ ಅಂಗಡಿಗಳಿಗೆ ಬಾಟಲಿಯಲ್ಲಿ ಹೋಗುತ್ತಿದ್ದ ಎಣ್ಣೆಯನ್ನು ಮದ್ರಾಸಿನ ಏಜೆಂಟರೊಬ್ಬರ ಮೂಲಕ ಹೊರದೇಶದವರು ಡ್ರಮ್ಮುಗಟ್ಟಲೆ ಕೇಳಿದರು. ಹಡಗಿನಲ್ಲಿ ಹೋಗುವ ಸರಕು! ನನ್ನ ಕಾಲು ನೆಲದ ಮೇಲಿರಲಿಲ್ಲ.

ಡ್ರಮ್ಮುಗಳಿಗೆ ಅಂಟಿಸಲು ಏಜೆಂಟರು ಚೀಟಿಗಳನ್ನು ಕಳಿಸಿದ್ದರು. ಕೆಂಪು ಬಣ್ಣ, ನಡುವೆ ಉರಿಯುವ ಜ್ವಾಲೆಯ ಚಿತ್ರ. ಇದು ಬೇಗ ಹೊತ್ತಿಕೊಳ್ಳುವ ಸರಕು, ಲಾರಿಯವರಿಗೆ ಮೊದಲೇ ತಿಳಿಸಿ ಎಂದು ಬಾಯಿಬಿಟ್ಟು ಹೇಳಿಯೂ ಇದ್ದರು. ತಿಳಿಸಿದರೆ ನಮ್ಮ ಕಡೆಯ ಲಾರಿಯವರು ಒಲ್ಲೆ ಎನ್ನುತ್ತಿದ್ದರು. ಅದಕ್ಕೆ ಬೇರೆ ಲಾರಿ, ಬೇರೆ ಪರವಾನಗಿ, ಓಡಾಟ — ಅಷ್ಟರಲ್ಲಿ ಹಡಗು ತಪ್ಪುತ್ತದೆ. ಹಾಗಾಗಿ ಚೀಟಿಗಳನ್ನು ಅಂಟಿಸಿ, ಅವು ಕಾಣದ ಹಾಗೆ ಪ್ರತಿ ಡ್ರಮ್ಮಿಗೂ ಗೋಣಿತಾಟು ಸುತ್ತಿ ಹೊಲಿಸಿದೆ. ಬಂದರಿನಲ್ಲಿ ಬಿಚ್ಚಿದರಾಯಿತು ಅಂದುಕೊಂಡೆ.

ಡ್ರಮ್ಮುಗಳನ್ನು ಲಾರಿಗೆ ಏರಿಸಲು ಬಂದ ಹಮಾಲಿ ಕೌದಳ್ಳಿಯವನು. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ನಗಿಸುವವನು.

"ಯಾತರ ಎಣ್ಣೆ ಸಾ, ಕಣ್ಣೆಲ್ಲ ಉರೀತದೆ?"

"ನೆಗಡಿ ಎಣ್ಣೆ ಕಣ್ಲಾ. ಮೂಗಿಗೆ ಹಾಕ್ಕಳಾದು."

"ಇಷ್ಟೊಂದಾ? ಆ ದೇಸದೋರ್ದು ಎಂತಾ ಮೂಗು ಸಾ!"

ನಾನೂ ನಕ್ಕೆ. ಬೀಡಿ ಸೇದುವವರು ರಸ್ತೆಯಾಚೆ ಹೋಗಬೇಕೆಂದು ಶೆಡ್ಡಿನಲ್ಲಿ ಕಟ್ಟುನಿಟ್ಟು ಮಾಡಿದ್ದೆ. ಅದಕ್ಕೂ ನಿಜವಾದ ಕಾರಣ ಹೇಳಿರಲಿಲ್ಲ. ಎಣ್ಣೆಗೆ ಹೊಗೆವಾಸನೆ ಹಿಡಿಯುತ್ತದೆ ಎಂದಿದ್ದೆ. ಅವತ್ತು ಬೆಳಗಿನಿಂದ ಅವನು ಒಂದು ಸಲವೂ ಆ ಮಾತು ಮೀರಿರಲಿಲ್ಲ. ಬೀಡಿ ಬಾಯಿಗಿಡುವ ಮುಂಚೆಯೇ ರಸ್ತೆ ದಾಟುತ್ತಿದ್ದ.

ಏರಿಸಿ ಮುಗಿಯುವಾಗ ಬಿಸಿಲು ನೆತ್ತಿಗೇರಿತ್ತು. ಡ್ರೈವರ್ ಟೀ ಕುಡಿಯಲು ಹೋಗಿದ್ದ, ಹೆಂಗಸರು ಒಳಗೆ ಸೊಪ್ಪು ತುಂಬುತ್ತಿದ್ದರು. ರಾಹುಕಾಲ ಹತ್ತಿರ ಬಂತೆಂದು ನನಗೆ ಅವಸರ. ಮೊದಲ ಸಲ ಹೊರದೇಶಕ್ಕೆ ಹೋಗುವ ಸರಕು ಮಂಗಳಾರತಿ ಇಲ್ಲದೆ ಹೊರಡುವುದುಂಟೆ? ಕರ್ಪೂರ ಹಚ್ಚಿ, ಲಾರಿಯ ಮೇಲೆ ನಿಂತಿದ್ದ ಅವನ ಕೈಗೆ ತಟ್ಟೆ ಕೊಟ್ಟೆ.

ಅವನು ಹಿಂಜರಿದ. "ಗೋಣಿ ಎಲ್ಲ ನೆಂದದೆ ಸಾ, ಮುಚ್ಚಳದ ತಾವ ಒಸರ್ತಾ ಅದೆ. ಲಾರಿ ಮುಂದ್ಗಡೆ ಬೆಳಗಿದ್ರೆ ಸಾಲ್ದಾ?"

"ಲಾರಿ ನಮ್ದಲ್ಲ ಕಣ್ಲಾ, ಸರಕು ನಮ್ದು. ಅದ್ಕೇ ಬೆಳಗು. ಮಾದಪ್ಪನ್ ಆರತಿಗೂ ಅನುಮಾನ ಪಡ್ತಿಯಲ್ಲ!"

ಬೀಡಿಯ ಕಿಡಿಗೆ ಅಷ್ಟು ಹೆದರಿದ್ದವನು ನಾನು. ಆದರೆ ದೇವರ ದೀಪವನ್ನು ಬೆಂಕಿಯ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಬಗ್ಗಿ ಬೆಳಗಿದ. ಉರಿಯುವ ಕರ್ಪೂರದ ಬಿಲ್ಲೆಯೊಂದು ತಟ್ಟೆಯಿಂದ ಜಾರಿ ಗೋಣಿಯ ಮೇಲೆ ಬಿತ್ತು. ಅವನು ಧುಮುಕಿ ಓಡಬಹುದಿತ್ತು — ಓಡಲಿಲ್ಲ. ನನ್ನ ಸರಕು ಉಳಿಸಲೆಂದು ಹೊತ್ತಿದ ಗೋಣಿಯನ್ನು ಬರಿಗೈಯಲ್ಲಿ ಕಿತ್ತೆಸೆಯಲು ಹೋದ. ನಾನು ಕೆಳಗೆ ನಿಂತು ಕೂಗುತ್ತಿದ್ದೆ. ಏನೆಂದು ಕೂಗಿದೆನೋ — ಅವನ ಹೆಸರನ್ನೋ, ಡ್ರಮ್ಮು ಎಂದೋ — ಈಗಲೂ ನೆನಪಿಗೆ ಬರುವುದಿಲ್ಲ.

ಅವನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಪೊಲೀಸರು ಬಂದರು. ಲಾರಿ ಮಾಲೀಕನೂ ಬಂದ. ಬೆಂಕಿ ಹೇಗೆ ಬಿತ್ತು ಎಂದು ಕೇಳಿದರು. ಆರತಿ ಎಂದರೆ ತಪ್ಪು ನನ್ನ ತಲೆಗೆ ಬರುತ್ತದೆ, ಸರಕೇನೆಂದು ಕೇಳುತ್ತಾರೆ, ಗೋಣಿ ಯಾಕೆಂದು ಕೇಳುತ್ತಾರೆ...

"ಬೀಡಿ ಸಾರ್," ಎಂದೆ. "ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ."

ಎರಡನೆಯ ಮಾತು ಬೇಕಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಅದನ್ನು ನಾನಾಗಿಯೇ ಸೇರಿಸಿದೆ.

ಅವನು ಬದುಕಿದ. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಮೂಟೆ ಹಿಡಿಯಲು ಬಾರದಾದವು. ಎಡಗೈಯಲ್ಲಾದರೂ ದುಡಿಯುತ್ತೇನೆಂದು ಹೋದರೆ ಲಾರಿಯವರು ಹತ್ತಿರ ಸೇರಿಸಲಿಲ್ಲ. "ಓಗಯ್ಯ, ನೀನು ಬೀಡಿ ಅಚ್ಚಿ ನಮ್ ಲಾರಿನೂ ಸುಟ್ಟೀಯೆ" ಎಂದು ಅಟ್ಟುತ್ತಿದ್ದರಂತೆ. ನಾನು ಅವನ ಮನೆಗೆ ರಾಗಿ ಕಳಿಸಿದೆ. ಅಷ್ಟು ನಷ್ಟ ಮಾಡಿದವನಿಗೂ ಅನ್ನ ಹಾಕುತ್ತಾನೆ ಎಂದು ಊರವರು ನನ್ನನ್ನು ಹೊಗಳಿದರು. ಹೊಗಳಿಸಿಕೊಂಡೆ.

ವ್ಯಾಪಾರ ನಿಲ್ಲಲಿಲ್ಲ. ಆಮೇಲಿನ ಡ್ರಮ್ಮುಗಳು ಗೋಣಿ ಇಲ್ಲದೆ, ಚೀಟಿ ಎದ್ದು ಕಾಣುವ ಹಾಗೆ, ಪರವಾನಗಿ ಇದ್ದ ಲಾರಿಯಲ್ಲೇ ಹೋದವು. ಒಂದು ಹನಿಯೂ ಕೆಡಲಿಲ್ಲ. ಹಾಗೆ ಕಳಿಸುವುದು ಮೊದಲೂ ಆಗದ ಕೆಲಸವಾಗಿರಲಿಲ್ಲ.

ಅವನನ್ನು ಕೊನೆಯ ಸಲ ಕಂಡದ್ದು ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ. ಅವನೇ ಹತ್ತಿರ ಬಂದ. ಕೈಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡಿದ್ದ.

"ನಾನು ಸುಮ್ಕಿದ್ದೆ ಅನ್ಕಬೇಡಿ ಸಾ. ಆರತಿ ತಟ್ಟೆ ನೀವೇ ಕೊಟ್ಟಿದ್ದು ಅಂತ ಎಲ್ಲಾರ್ಗೂ ಏಳ್ದೆ. ಒಬ್ರೂ ನಂಬ್ನಿಲ್ಲ. ನನ್ ಎಂಡ್ರೂ ನಂಬ್ನಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ — ಇಲ್ಲ, ಇದ್ದಿದ್ದರೂ ನಾನು ಅಷ್ಟೇ ಮಾಡುತ್ತಿದ್ದೆ. ಹನೂರಿನ ಬಸ್ಸು ಬಂತು. ಸೀಟು ಹಿಡಿಯುವವನಂತೆ ಓಡಿ ಹತ್ತಿದೆ. ಕಿಟಕಿಯ ಕಡೆಗೆ ತಿರುಗಲಿಲ್ಲ.

ಅವನು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಹೋಗಲಿಲ್ಲ. ಅವನ ಹೆಂಡತಿ ಕೌದಳ್ಳಿಯಲ್ಲೇ ಇದ್ದಾಳೆ, ಇಂದಿಗೂ ಬೀಡಿಯೆಂದೇ ನಂಬಿಕೊಂಡು. ಇದನ್ನು ಬರೆದು ಮುಗಿಸಿ ಅವಳ ಮನೆಗೆ ಹೋಗುತ್ತೇನೆ. ಅವಳು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ, ಬೀದಿಯವರಿಗೆ ಕೇಳುವ ಹಾಗೆ ಹೇಳುತ್ತೇನೆ. ಅವಳ ಗಂಡನಿಗೆ ಹೇಳಬೇಕಾಗಿದ್ದದ್ದು ಅದರಿಂದ ತೀರುವುದಿಲ್ಲ.

ನಾನು ಕ್ಷಮೆ ಕೇಳದೆ ಬಿಟ್ಟವನ ಹೆಸರು ಪುಟ್ಟಮಾದ.