ಸಂಕಷ್ಟಿಯ ದಿನ ಸೋಯಾ ಹಾಲು

ಕಾತ್ರಜದಲ್ಲಿ ಬಸ್ಸಿಳಿದ ನನ್ನನ್ನು ಅಕ್ಕ ನೇರವಾಗಿ ಬಿಬವೇವಾಡಿಯ ರಿಯಾಯಿತಿ ಸೂಪರ್‌ಮಾರ್ಕೆಟ್ಟಿಗೆ ಕರೆತಂದಳು. ಡಾಕ್ಟರು ಅವಳಿಗೆ ಹಾಲು ಬಿಡಿಸಿದ್ದಾರೆ. ಇಲ್ಲಿ ಸೋಯಾ ಹಾಲು ಒಂದು ಕೊಂಡರೆ ಒಂದು ಉಚಿತ. ಮೇಜಿನ ಹಿಂದೆ ನಿಂತ ಹುಡುಗಿ ಪುಟ್ಟ ಲೋಟಗಳಲ್ಲಿ ರುಚಿ ನೋಡಲು ಕೊಡುತ್ತ ಕೊಬ್ಬು, ಪ್ರೋಟೀನು ಎಂದು ಬಾಯಿಪಾಠ ಒಪ್ಪಿಸುತ್ತಿದ್ದಳು. ಅದು ಯಾರಿಗೆ ಬೇಕು? ಬಂದ ಹೆಂಗಸರೆಲ್ಲ ಮರಾಠಿಯಲ್ಲಿ ಕೇಳಿದ್ದು ಒಂದೇ: “ಉಪಾಸಾಲಾ ಚಾಲತಂ ಕಾ?” ಉಪವಾಸಕ್ಕೆ ನಡೆಯುತ್ತದೆಯೇ ಎಂದು. ಇವತ್ತು ಗಣಪತಿಯ ಸಂಕಷ್ಟಿ.

“ದೂಧಚ್ ಆಹೇ ನಾ,” ಹಾಲೇ ತಾನೇ, ಎಂದಳು ಹುಡುಗಿ. ಯಾರೂ ಒಪ್ಪಲಿಲ್ಲ. ಸೋಯಾ ಎಂದರೆ ಕಾಳು. ಉಪವಾಸಕ್ಕೆ ಕಾಳು ಸಲ್ಲದು.

ಅಕ್ಕನೂ ಉಪವಾಸವಿದ್ದಳು. “ಹಾಲು ಕುಡದ್ರ ಹೊಟ್ಟಿ ಕೆಡ್ತದ, ಇದನ್ನ ಕುಡದ್ರ ಉಪವಾಸ ಕೆಡ್ತದ. ಏನ್ ಮಾಡ್ಲೋ?” ಎನ್ನುತ್ತ ತನ್ನ ಲೋಟವನ್ನು ನನ್ನ ಕೈಗಿಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತಳು. ಕುಡಿದೆ.

“ಹೆಂಗದ?”

“ಕಾಳು ನೆನಿ ಇಟ್ಟ ನೀರಿದ್ದಂಗ ಅದ.”

“ಗಣಪತಿ ಸುಮ್ನ ಬ್ಯಾಡ ಅಂದಿಲ್ಲ ಬಿಡು,” ಎಂದಳು ಅಕ್ಕ, ದೊಡ್ಡ ಸಮಾಧಾನದಿಂದ. ಆಮೇಲೆ ನಾಳೆಗೆಂದು ಎರಡು ಪೊಟ್ಟಣ ಬುಟ್ಟಿಗೆ ಹಾಕಿಕೊಂಡಳು.