ಒಟ್ಟ ಎಷ್ಟು, ಖುದ್ದ ಎಷ್ಟು

ಮಹಿಬೂಬ ಸಾಬರ ಮುಂದೆ ಯಾರ ಮೇಲಾದರೂ ದೂರು ಹೇಳಿದರೆ ಮುಗಿಯಿತು, ಎರಡು ಬೆರಳು ಎತ್ತಿಬಿಡುತ್ತಿದ್ದರು. "ಒಟ್ಟ ಎಷ್ಟು? ಖುದ್ದ ಎಷ್ಟು?"

ಆಳಂದದ ಒಂದು ಬೇಳೆ ಮಿಲ್ಲಿನಲ್ಲಿ ಅವರು ಡೇಟಾಬೇಸ್ ನೋಡಿಕೊಳ್ಳುತ್ತಿದ್ದರು. ನಾನು ಅವರ ಕೈಕೆಳಗೆ ಸೇರಿದ ಹೊಸಬಳು. ಅಫಜಲಪುರ, ಜೇವರ್ಗಿಯಲ್ಲೂ ಮಿಲ್ಲಿನ ತೂಕದ ಕಾಟಾ ಇದ್ದವು. ತೊಗರಿ ತುಂಬಿದ ಟ್ರ್ಯಾಕ್ಟರ್ ಕಾಟಾದ ಮೇಲೆ ನಿಂತರೆ, ಡೇಟಾಬೇಸಿನೊಳಗೆ ಬರೆದಿಟ್ಟ ಫಂಕ್ಷನ್‌ಗಳು, ಅಂದರೆ ಒಂದೊಂದು ಕೆಲಸದ ಪುಟ್ಟ ಪ್ರೋಗ್ರಾಮುಗಳು, ಓಡಿ ತೂಕದ ಚೀಟಿ ಹೊರಬರುತ್ತಿತ್ತು. ಒಂದು ಫಂಕ್ಷನ್ ಇನ್ನೊಂದನ್ನು ಕರೆಯುತ್ತದೆ, ಅದು ಮುಗಿಸುವ ತನಕ ಕಾಯುತ್ತದೆ. ಕಾದದ್ದೂ ಸೇರಿದರೆ ಒಟ್ಟು ಹೊತ್ತು, ತಾನೇ ದುಡಿದದ್ದು ಖುದ್ದು ಹೊತ್ತು. ಇದನ್ನು ಅವರು ನನಗೆ ಕಲಿಸಿದ್ದು ರೊಟ್ಟಿಯಿಂದ.

"ರೊಟ್ಟಿ ತಡ ಆತಂತ ಬಡಿಯಾಕಿ ಮ್ಯಾಲ ಯಾಕ ಸಿಟ್ಟಾಗ್ತಿ ಬೇಟಾ? ಹಿಟ್ಟು ಬೀಸಿಸಾಕ ಹೋದಾಂವ ಗಿರಣಿ ಕಟ್ಟಿ ಮ್ಯಾಲ ಹರಟಿ ಹೊಡಿಯಾಕತ್ತಿದ್ದ. ಆಕಿದು ಒಟ್ಟ ಒಂದ್ ತಾಸು, ಖುದ್ದ ಹತ್ತ ನಿಮಿಷ."

ಚಾ ತರಲು ಅರ್ಧ ತಾಸು ಮಾಡುತ್ತಾನೆಂದು ಮ್ಯಾನೇಜರು ಜವಾನ ಶರಣಪ್ಪನನ್ನು ಬಾಯಿಗೆ ಬಂದಂತೆ ಬೈದರು. ಮರುದಿನ ಸಾಬರು ಫೋನಿನಲ್ಲಿ ಸ್ಟಾಪ್‌ವಾಚ್ ಹಚ್ಚಿಕೊಂಡು ಅವನ ಬೆನ್ನ ಹಿಂದೆಯೇ ನಡೆದರು. ಬಂದು ಎಲ್ಲರೆದುರು ಹೇಳಿದರು: "ಶರಣಪ್ಪಂದು ಖುದ್ದ ಆರ ನಿಮಿಷ್ರಿ ಸಾಹೇಬ್ರ. ಉಳಿದದ್ದೆಲ್ಲಾ ಅಂಗಡಿಯಂವ ಹಾಲು ಕಾಯಸೂದು." ನಾವೆಲ್ಲ ನಕ್ಕೆವು. ಮ್ಯಾನೇಜರು ನಗಲಿಲ್ಲ.

ಆ ಸುಗ್ಗಿಯಲ್ಲಿ ಒಂದು ಚೀಟಿಗೆ ಒಂದು ನಿಮಿಷ ಹಿಡಿಯತೊಡಗಿತು. ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂತು. "ಏನ್ರಿ, ಚೀಟಿ ಕೊಡ್ತೀರೋ, ಮುಂದಿನ ತೊಗರಿ ಬಿತ್ತಿ ಬರೂಣೋ?" ಎಂದು ಕಿಣ್ಣಿ ಸುಲ್ತಾನ ಊರಿನ ರೈತರೊಬ್ಬರು ಕೂಗಿದರು. ತಪ್ಪು ಯಾರದೆಂದು ನಾಡಿದ್ದಿನ ಮೀಟಿಂಗಿನಲ್ಲಿ ಗೊತ್ತಾಗಬೇಕು, ಅವರನ್ನು ಮನೆಗೆ ಕಳಿಸುತ್ತೇನೆ ಎಂದರು ಮ್ಯಾನೇಜರು. ಸಾಬರು ಪ್ರತಿ ಫಂಕ್ಷನ್ನಿನ ಹೊತ್ತಿನ ಅಳತೆ ಚಾಲೂ ಮಾಡಿ, ಒಂದು ಪೂರ್ತಿ ದಿನದ ಕೆಲಸ ಓಡಿಸಿ, ಪಟ್ಟಿ ತೆಗೆದರು. ಅವರು ಬರೆದ ಚೀಟಿ ಫಂಕ್ಷನ್: ಚೀಟಿಯೊಂದಕ್ಕೆ ಒಟ್ಟು ಐವತ್ತೆಂಟು ಸೆಕೆಂಡು, ಖುದ್ದು ಅರ್ಧ ಸೆಕೆಂಡೂ ಇಲ್ಲ. ಉಳಿದದ್ದೆಲ್ಲ ಅದು ಕರೆಯುತ್ತಿದ್ದ ಇನ್ನೊಂದು ಫಂಕ್ಷನ್ನಿನದು. ಒಬ್ಬ ರೈತನ ಹೆಸರು ಹುಡುಕಲು ಅದು ಪ್ರತಿ ಸಲ ಎಲ್ಲ ಹಳೆಯ ಚೀಟಿಗಳನ್ನೂ ಮೊದಲಿನಿಂದ ತಿರುವಿ ಹಾಕುತ್ತಿತ್ತು. ಅದನ್ನು ಬರೆದವಳು ನಾನು.

"ಅಂಜಬ್ಯಾಡ ಬೇಟಾ. ನಾ ಜೇವರ್ಗಿ ಕಾಟಾಕ್ಕ ಹೋಗಿ ಬರ್ತೇನಿ. ಮೀಟಿಂಗಿನಾಗ ಎರಡೂ ಲೆಕ್ಕ ಓದು, ನಿನ್ನ ಹೆಸರು ಹೇಳಬ್ಯಾಡ. ಯಾರ್ದಂತ ಕೇಳಿದ್ರ, ಸಾಬರು ಬಂದು ಹೇಳ್ತಾರನ್ನು. ಸಂಜಿಕ ಇಬ್ಬರೂ ಕುಂತು ಸರಿ ಮಾಡೂಣು."

ಮೀಟಿಂಗಿನಲ್ಲಿ ನಾನು ಒಂದೇ ಲೆಕ್ಕ ಓದಿದೆ. "ಚೀಟಿ ಫಂಕ್ಷನ್, ಒಟ್ಟು ಐವತ್ತೆಂಟು ಸೆಕೆಂಡು."

"ಯಾರು ಬರದದ್ದು?" ಎಂದರು ಮ್ಯಾನೇಜರು.

"ಸಾಬರು ರೀ."

ಎರಡೂ ಸುಳ್ಳಲ್ಲ. ಕಾಗದ ಮಡಚಿ ಬ್ಯಾಗಿಗೆ ಹಾಕಿದೆ. ಥೂ, ಆ ಕೈ ನನ್ನದೇ!

ಸಾಬರು ತಿರುಗಿ ಬಂದಾಗ ಮ್ಯಾನೇಜರು ಹೇಳಿದ್ದು ಇಷ್ಟೇ: "ನಾಳಿಂದ ಬರಬ್ಯಾಡ್ರಿ. ತಪ್ಪು ನಿಮ್ಮದಂತ ನಿಮ್ಮ ಹುಡುಗೀನ ಓದ್ಯಾಳಲ್ರಿ." ಸಾಬರು ನನ್ನತ್ತ ನೋಡಿದರು. ನಾನು ಕೀಬೋರ್ಡ್ ನೋಡುತ್ತಿದ್ದೆ. "ಆಕಿ ಓದ್ಯಾಳಂದ್ರ ಮುಗೀತ್ ಬಿಡ್ರಿ" ಎಂದು ಊಟದ ಡಬ್ಬಿ ಎತ್ತಿಕೊಂಡು ಹೊರಟರು. ಬೇರೆಲ್ಲೂ ಅವರಿಗೆ ಅಂಥ ಕೆಲಸ ಸಿಗಲಿಲ್ಲ. ಮಿಲ್ಲಿನ ಮಾತು ಮೂರೂ ತಾಲ್ಲೂಕಿಗೆ ಅವರಿಗಿಂತ ಮೊದಲೇ ಮುಟ್ಟಿತ್ತು.

ಮೂರು ದಿನದಲ್ಲಿ ನನ್ನ ಫಂಕ್ಷನ್ ಸದ್ದಿಲ್ಲದೆ ತಿದ್ದಿದೆ. ಚೀಟಿ ಸೆಕೆಂಡಿನಲ್ಲಿ ಬಂತು. "ನೋಡ್ರಿ, ಸಾಬರು ಹೋದ ಮ್ಯಾಲ ಕೆಲಸ ಹೆಂಗ ಓಡಾಕತ್ತದ" ಎಂದು ಮ್ಯಾನೇಜರು ನನಗೆ ಸಾಬರ ಕುರ್ಚಿ ಕೊಟ್ಟರು. ನಾನು ಕೂತೆ.

ವರ್ಷದ ಮೇಲೆ ಅವರು ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ. ಯಾರದೋ ಆಧಾರ್ ಕಾರ್ಡಿನ ಪ್ರತಿ ತೆಗೆಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ: ಮ್ಯಾನೇಜರ ಸಿಟ್ಟು, ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮನೆಯಲ್ಲಿ ಅಪ್ಪನ ಕಾಯಿಲೆ, ಹೊರಗೆ ರೈತರ ಗದ್ದಲ.

ಅವರು ಪೂರ್ತಿ ಕೇಳಿದರು. ಈ ಸಲ ಒಂದೇ ಬೆರಳು ಎತ್ತಿದರು.

"ಇದೆಲ್ಲಾ ಒಟ್ಟ ಆತು ಬೇಟಾ. ನಿಂದು ಖುದ್ದ ಎಷ್ಟು?"

ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟುಬಿಟ್ಟೆ. ನನಗೆ ಯಾವ ಬಸ್ಸೂ ಹಿಡಿಯಬೇಕಾಗಿರಲಿಲ್ಲ.